ಎಡಗಾಲಿನ ಅಡಿಯ ಬೋಲ್ಟು

ಲಿಂಡ್ಸೆ ಟಾಂಕಿನ್‌ಗೆ ಬರುವ ಭಾನುವಾರ ಅರವತ್ತೈದು ತುಂಬುವುದಿತ್ತು. ಮೂವತ್ತೊಂದು ವರ್ಷ ಘಟ್ಟದ ರಸ್ತೆಯಲ್ಲಿ ಶಾಲೆಯ ಬಸ್ಸು ಓಡಿಸಿ, ಒಂದು ಮಗುವಿನ ಹಣೆಯೂ ಮುಂದಿನ ಸೀಟಿಗೆ ತಗುಲದಂತೆ ನೋಡಿಕೊಂಡು ನಿವೃತ್ತನಾದ ಮನುಷ್ಯ. ಅಂಥವನು ಗುರುವಾರ ಬೆಳಿಗ್ಗೆ, ಹೆಂಡತಿ ಮೆರ್ಲ್ ಲೈಬ್ರರಿಗೆ ಹೋದ ಹೊತ್ತು ನೋಡಿಕೊಂಡು, ಬಟ್ಟೆ ಒಗೆಯುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಒಂದು ಬೋಲ್ಟನ್ನು ಇಕ್ಕಳದಲ್ಲಿ ಹಿಡಿದು ಅರದಿಂದ ಉಜ್ಜುತ್ತಿದ್ದ. ಶೆಡ್ಡಿನಲ್ಲಿ ಕೂತು ಉಜ್ಜಬಹುದಿತ್ತು. ಆದರೆ ಶೆಡ್ಡು ಪಕ್ಕದ ಮನೆಯ ಕೀತ್ ಮಲ್ಲಿನ್ಸ್‌ನ ಅಂಗಳಕ್ಕೆ ಕಾಣುತ್ತದೆ, ಮತ್ತು ಈ ಭೂಮಿಯ ಮೇಲೆ ಯಾರಿಗೆ ಗೊತ್ತಾದರೂ ಕೀತನಿಗೆ ಗೊತ್ತಾಗಬಾರದಿತ್ತು.

ಇದು ಯಾಕೆ ಅಂತ ತಿಳಿಯಬೇಕಾದರೆ ಕೋರಾಳ ಬೇಕರಿಯ ಜಾಡಿಯ ಕಥೆ ತಿಳಿದಿರಬೇಕು.

ಘಟ್ಟದ ತುದಿಯಲ್ಲಿ ಕೋರಾಳ ಬೇಕರಿ ಇದೆ. ಭಾನುವಾರ ಬೆಳಿಗ್ಗೆ ಕರಾವಳಿಯ ಕಡೆಯಿಂದ ಬೈಕಿನವರೆಲ್ಲ ನೂರಾರು ತಿರುವು ಹತ್ತಿ ಬಂದು ಅಲ್ಲಿ ಸೇರುತ್ತಾರೆ, ಮಾಂಸದ ಪೈ ತಿನ್ನುತ್ತಾರೆ, ಸುಳ್ಳು ಹೇಳುತ್ತಾರೆ. ಬೈಕಿನ ಫುಟ್‌ರೆಸ್ಟ್ ಇದೆಯಲ್ಲ, ಅದರ ತುದಿಯ ಅಡಿಗೆ ಬೆರಳುದ್ದದ ಒಂದು ಬೋಲ್ಟು ನೇತಾಡುತ್ತಿರುತ್ತದೆ. ತಿರುವಿನಲ್ಲಿ ಬೈಕನ್ನು ಪೂರ್ತಿ ವಾಲಿಸಿದಾಗ ಎಲ್ಲಕ್ಕಿಂತ ಮೊದಲು ಅದೇ ರಸ್ತೆಗೆ ತಾಗುವುದು. ತಾಗಿ ತಾಗಿ ಸವೆಯುತ್ತದೆ. ಈ ಕಡೆಯ ಸವಾರರಿಗೆ ಸವೆದ ಬೋಲ್ಟು ಅಂದರೆ ಪದಕ. ಅರ್ಧಕ್ಕಿಂತ ಹೆಚ್ಚು ಸವೆಸಿಕೊಂಡವನು ಬೇಕರಿಯ ಮುಂದೆ ಅದನ್ನು ಬಿಚ್ಚಿ, ಅಂಟುಪಟ್ಟಿಯ ಮೇಲೆ ಹೆಸರು ಬರೆದು ಸುತ್ತಿ, ಗಲ್ಲಾದ ಪಕ್ಕದ ಉಪ್ಪಿನಕಾಯಿ ಜಾಡಿಗೆ ಹಾಕಬೇಕು. ಕೋರಾ ಗಂಟೆ ಬಾರಿಸುತ್ತಾಳೆ. ಸ್ಪ್ಯಾನರನ್ನೂ ಅದೇ ಗಂಟೆಯ ಪಕ್ಕದಲ್ಲಿ ನೇತುಹಾಕಿದ್ದಾಳೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ, ಜಾಡಿ ಮುಕ್ಕಾಲು ತುಂಬಿದೆ.

ಲಿಂಡ್ಸೆಯ ಬೋಲ್ಟುಗಳು ಒಂಬತ್ತು ವರ್ಷದಿಂದ ಕಂಪನಿಯವರು ಹಾಕಿಕೊಟ್ಟ ಹಾಗೇ ಇದ್ದವು. ತುದಿಯ ಬಣ್ಣ ಕೂಡ ಹೋಗಿರಲಿಲ್ಲ. ಅವನು ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆಯುವುದರೊಳಗೆ ಯಾರಾದರೊಬ್ಬರು ಕುಕ್ಕರುಗಾಲಲ್ಲಿ ಕೂತು ತಳ ನೋಡಿ, "ಎಲ್ಲ ಕ್ಷೇಮ! ಮಕ್ಕಳೆಲ್ಲ ಇಳೀರಪ್ಪಾ, ಸ್ಕೂಲ್ ಬಂತು!" ಎನ್ನುತ್ತಿದ್ದರು. ಅವನ ಹೆಸರೇ 'ಬಸ್ಸು' ಆಗಿತ್ತು. ಅದನ್ನೆಲ್ಲ ಅವನು ನಗುತ್ತಲೇ ಸಹಿಸಿಕೊಂಡಿದ್ದ. ಸಹಿಸಲಾಗದ್ದು ಹೋದ ಭಾನುವಾರ ಕೀತ್ ಆಡಿದ ಮಾತು.

"ನೋಡು ಬಸ್ಸು, ಬರೋ ವಾರ ನಿಂಗೆ ಅರವತ್ತೈದು," ಎಂದಿದ್ದ ಕೀತ್, ಪೈ ಮೇಲೆ ಟೊಮೆಟೊ ಸಾಸು ಸುರಿದುಕೊಳ್ಳುತ್ತ. "ಇನ್ನು ನಿನ್ನ ಕೈಲಾಗೋದಲ್ಲ ಬಿಡು. ನನ್ನ ಹತ್ರ ಹಳೇ ಬೈಕಿನದು, ಸವೆದದ್ದು ಇನ್ನೊಂದು ಜೊತೆ ಇದೆ. ಅದಕ್ಕೇ ನಿನ್ನ ಹೆಸರು ಅಂಟಿಸಿ ಜಾಡೀಗೆ ಹಾಕ್ತೀವಿ. ಹುಟ್ಟಿದಬ್ಬದ ಗಿಫ್ಟು."

ಅವನು ಪ್ರೀತಿಯಿಂದಲೇ ಹೇಳಿದ್ದ, ಅದೇ ತಪ್ಪಾಗಿದ್ದು. ಗೇಲಿ ಮಾಡಿದರೆ ತಡೆದುಕೊಳ್ಳಬಹುದು, ಕನಿಕರಪಟ್ಟರೆ ಹೇಗೆ ತಡೆದುಕೊಳ್ಳುವುದು? ಲಿಂಡ್ಸೆಯ ಎದೆಯಲ್ಲಿ ಅದು ನಾಲ್ಕು ದಿನ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಐದನೆಯ ದಿನ ಅರ ಹಿಡಿದು ಕೂತ.

ಎಡಗಡೆಯದನ್ನು ಬುಡದವರೆಗೆ ಉಜ್ಜಿದ, ಬಲಗಡೆಯದನ್ನು ಅರ್ಧಕ್ಕೆ ಬಿಟ್ಟ. ಎರಡೂ ಒಂದೇ ಸಮ ಇದ್ದರೆ ಅನುಮಾನ ಬರುತ್ತದೆ ಅನ್ನುವಷ್ಟು ಬುದ್ಧಿ ಓಡಿತ್ತು. ಒಗೆಯುವ ತೊಟ್ಟಿಗೆ ಬಿದ್ದ ಕಬ್ಬಿಣದ ಪುಡಿಯನ್ನು ನೀರು ಬಿಟ್ಟು ತೊಳೆದ. ಬೋಲ್ಟುಗಳನ್ನು ಮತ್ತೆ ಬೈಕಿಗೆ ಹಾಕಿ, ದೂರ ನಿಂತು ನೋಡಿದ. ಚೆನ್ನಾಗಿ ಕಾಣುತ್ತಿದ್ದವು. ಖುಷಿಯಾಗಬೇಕಿತ್ತು, ಆಗಲಿಲ್ಲ.

ಮೆರ್ಲ್ ಸಂಜೆ ಕೇಳಿದಳು, "ಲಿನ್, ನಿನ್ನ ಪ್ಯಾಂಟಿನ ಮಡಿಕೇಲಿ ಏನದು ಮಿಣಮಿಣ ಅನ್ನೋದು?"

"ಬೈಕಿನ ಚೈನು ಒರೆಸ್ತಿದ್ದೆ," ಅಂದ.

"ಹೌದಾ," ಅಂದಳು ಅವಳು, ಮತ್ತೆ ಆ ವಿಷಯ ಎತ್ತಲಿಲ್ಲ.

ಶುಕ್ರವಾರ ಬೈಕನ್ನು ವಿಲ್ಮಾ ಡೆಕ್ಕರ್ಸ್‌ಳ ವರ್ಕ್‌ಶಾಪಿಗೆ ಬಿಡುವುದೆಂದು ಮೊದಲೇ ಗೊತ್ತುಮಾಡಿಯಾಗಿತ್ತು. ಹುಟ್ಟುಹಬ್ಬದ ದಿನ ಮೆರ್ಲ್ ಹಿಂದೆ ಕೂತು ಬರುತ್ತೇನೆ ಅಂದಿದ್ದಳು. ಅವಳು ಬೈಕು ಹತ್ತುವುದು ವರ್ಷಕ್ಕೊಮ್ಮೆ, ಹಾಗಾಗಿ ಬ್ರೇಕು ಚೈನು ಎಲ್ಲ ಒಮ್ಮೆ ನೋಡಿಸಿಬಿಡುವ ಆಸೆ ಅವನಿಗೆ. ವಿಲ್ಮಾ ಊರ ಕೊನೆಯ ತಗಡಿನ ಶೆಡ್ಡಿನಲ್ಲಿ ಒಬ್ಬಳೇ ಕೆಲಸ ಮಾಡುವವಳು. ಐವತ್ತು ದಾಟಿದ ಹೆಂಗಸು, ಗಿರಾಕಿಯ ಮುಖಕ್ಕಿಂತ ಬೈಕಿನ ಮುಖವನ್ನೇ ಹೆಚ್ಚು ನೋಡುವವಳು. ಇವಳು ಬ್ರೇಕು ನೋಡುತ್ತಾಳೆ, ತಳ ಯಾಕೆ ನೋಡುತ್ತಾಳೆ ಅಂತ ಲಿಂಡ್ಸೆ ಧೈರ್ಯ ತಂದುಕೊಂಡ.

ಶನಿವಾರ ಮಧ್ಯಾಹ್ನ ಬೈಕು ತರಲು ಹೋದರೆ, ಫುಟ್‌ರೆಸ್ಟ್‌ನ ಅಡಿಯಲ್ಲಿ ಎರಡು ಹೊಸ ಬೋಲ್ಟುಗಳು ಫಳಫಳ ಹೊಳೆಯುತ್ತಿದ್ದವು. ಬೆರಳುದ್ದ, ಒಂದು ಗೀರೂ ಇಲ್ಲ.

ಲಿಂಡ್ಸೆಯ ಮುಖ ಸಪ್ಪಗಾಯಿತು. "ಇದ್ಯಾಕೆ ಬದಲಾಯಿಸಿದೆ ವಿಲ್ಮಾ? ನಾನು ಹೇಳಿರ್ಲಿಲ್ವಲ್ಲ!"

"ಸವೆದಿದ್ವು."

"ಹೌದು, ಅದೇ… ತಿರುವಲ್ಲಿ ಉಜ್ಜಿ ಉಜ್ಜಿ…"

ವಿಲ್ಮಾ ಚಿಂದಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಬೋಲ್ಟುಗಳನ್ನು ಬಿಚ್ಚಿ, ಎಡಗಡೆಯದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. "ರಸ್ತೆ ಸವೆಸಿದ್ರೆ ಓರೆಯಾಗಿ ಸವೆಯುತ್ತೆ ಲಿನ್. ಗೆರೆ ಮುಂದಿಂದ ಹಿಂದಕ್ಕೆ ಹೋಗುತ್ತೆ, ಹಿಂದಿನ ಅಂಚು ಚೂಪಾಗಿ ಎದ್ದಿರುತ್ತೆ. ಇದು ನೋಡು, ಊಟದ ಮೇಜಿನ ಥರ ಸಪಾಟು."

ಲಿಂಡ್ಸೆ ಕಿವಿಯ ತನಕ ಕೆಂಪಾದ.

ಅವಳು ನಗಲಿಲ್ಲ. ಮತ್ತೆ ಬಟ್ಟೆ ಸುತ್ತಿ ಅವನ ಕೈಗಿಟ್ಟಳು. "ನಿನ್ನ ಸಾಮಾನು, ತಗೊಂಡ್ಹೋಗು. ಜಾಡೀಗೆ ಏನ್ ಬೇಕಾದ್ರೂ ಹಾಕ್ಕೋ, ನಂಗೇನು. ಆದ್ರೆ ಹೊಸವನ್ನ ಮಾತ್ರ ಬಿಚ್ಚಬೇಡ. ಬಾ ಇಲ್ಲಿ." ಅವನ ತೋಳು ಹಿಡಿದು ಬೈಕಿನ ಎಡಕ್ಕೆ ಬಗ್ಗಿಸಿದಳು. "ಇದು ಡಬಲ್ ಸ್ಟ್ಯಾಂಡು, ಕಾಣ್ತಾ? ಫುಟ್‌ರೆಸ್ಟು ನೆಲಕ್ಕೆ ತಾಗಿದ್ರೆ ಮೇಲಕ್ಕೆ ಮಡಚ್ಕೊಳ್ಳುತ್ತೆ. ಸ್ಟ್ಯಾಂಡು ಮಡಚಲ್ಲ. ಅದು ಟಾರು ಕಚ್ತು ಅಂದ್ರೆ ಹಿಂದಿನ ಚಕ್ರ ಎತ್ತಿ ಬಿಸಾಕುತ್ತೆ. ಈ ಬೋಲ್ಟು ಅದಕ್ಕಿಂತ ಒಂದು ಬೆರಳು ಮುಂಚೆ ಕೂಗುತ್ತೆ. 'ಸಾಕು, ಇನ್ನು ವಾಲಬೇಡ' ಅಂತ. ಇದಿರೋದೇ ಅದಕ್ಕೆ."

"ಗೊತ್ತಿರ್ಲಿಲ್ಲ," ಅಂದ ಲಿಂಡ್ಸೆ.

"ಯಾರಿಗೂ ಗೊತ್ತಿಲ್ಲ. ಎಲ್ಲಾ ಕೋರಾನ ಜಾಡೀಲಿ ಕೂತಿವೆ. ಇಬ್ರು ಕೂತ್ರೆ ಬೈಕು ತಗ್ಗುತ್ತೆ ಅಂತ ಹಿಂದಿನ ಸ್ಪ್ರಿಂಗು ಬಿಗಿ ಮಾಡಿದೀನಿ. ಹೋಗ್ಬಾ."

ಬುದ್ಧಿವಂತನಾಗಿದ್ದರೆ ಅವನು ಆ ಸವೆದ ಬೋಲ್ಟುಗಳನ್ನು ದಾರಿಯ ತೊರೆಗೆ ಎಸೆದು ಹೋಗುತ್ತಿದ್ದ. ಲಿಂಡ್ಸೆ ಒಳ್ಳೆಯವನು, ಆದರೆ ಆ ವಾರ ಬುದ್ಧಿವಂತನಾಗಿರಲಿಲ್ಲ. ರಾತ್ರಿ ಮಲಗುವ ಮೊದಲು ಅವನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡ. ನಾಳೆ ಬೇಕರಿಯಲ್ಲಿ ತೆಗೆದು, "ನಿನ್ನೆ ವಿಲ್ಮಾ ಬದಲಾಯಿಸಿದ್ಲು, ಇವು ಹಳೇವು" ಅಂದರಾಯಿತು. ಅದು ಸುಳ್ಳು ಕೂಡ ಅಲ್ಲವಲ್ಲ, ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆ ದೇಶದಲ್ಲಿ ಏಪ್ರಿಲ್ ಅಂದರೆ ಚಳಿಗಾಲದ ಬಾಗಿಲು, ಭಾನುವಾರ ಬೆಳಿಗ್ಗೆ ಚಳಿ ಕೊರೆಯುತ್ತಿತ್ತು. ಹೊರಡುವಾಗ ಕೀತ್ ಕೈಬೀಸಿದ, "ಇವತ್ತು ಬಸ್ಸು ಮುಂದೆ ಹೋಗ್ಲಿ! ಹುಟ್ಟಿದಬ್ಬದವನು!" ಹಾಗಾಗಿ ಲಿಂಡ್ಸೆ ಮುಂದೆ, ಬೆನ್ನಿಗೆ ಮೆರ್ಲ್, ಹಿಂದೆ ಐದು ಬೈಕು. ಹಿಂದಿನ ಐದು ಜೊತೆ ಕಣ್ಣುಗಳು ತನ್ನ ಫುಟ್‌ರೆಸ್ಟಿನ ಮೇಲೇ ಇವೆ ಅನ್ನಿಸಿದ ಮೇಲೆ ಯಾರ ಕೈ ತಾನೆ ಸುಮ್ಮನಿರುತ್ತದೆ? ಅವನು ಒಂದೊಂದೇ ತಿರುವಿನಲ್ಲಿ ಒಂದೊಂದು ಚೂರು ಹೆಚ್ಚಿಗೆ ಆಕ್ಸಿಲರೇಟರ್ ತಿರುಗಿಸುತ್ತ ಬಂದ. ನೀಲಗಿರಿ ಜಾತಿಯ ಗಮ್ ಮರಗಳ ತೊಗಟೆ ರಸ್ತೆಯಂಚಿನಲ್ಲಿ ಉದುರಿ ಬಿದ್ದಿತ್ತು. ಮೆರ್ಲ್ ಎರಡು ಸಲ ಅವನ ಸೊಂಟ ಹಿಂಡಿದಳು. ನಿಧಾನ ಅಂತ ಅದರರ್ಥ. ಅವನು ಗೊತ್ತಾಗದವನಂತೆ ನಡೆದ.

ಹಾಲಿನ ಕ್ಯಾನಿನ ತಿರುವು ಬಂತು. ಯಾರೋ ಹಳೆಯ ಹಾಲಿನ ಕ್ಯಾನನ್ನು ಅಡ್ಡ ಮಲಗಿಸಿ ಅಂಚೆಪೆಟ್ಟಿಗೆ ಮಾಡಿಕೊಂಡಿರುವ ಎಡ ತಿರುವು ಅದು. ಮೊದಲು ಅಗಲವಾಗಿ ಕರೆದು, ನಡುವಿನಲ್ಲಿ ಇದ್ದಕ್ಕಿದ್ದಂತೆ ಬಿಗಿಯಾಗುತ್ತದೆ. ಲಿಂಡ್ಸೆ ಅದನ್ನು ದಿನಕ್ಕೆರಡು ಸಲ, ಮೂವತ್ತೊಂದು ವರ್ಷ ತಿರುಗಿದ್ದ. ಆದರೆ ಅವನಿಗೆ ಗೊತ್ತಿದ್ದದ್ದು ಬಸ್ಸಿನ ವೇಗದ ತಿರುವು. ಇವತ್ತು ಆ ಬಿಗಿಯಾಗುವ ಜಾಗ ಅವನು ಅಂದುಕೊಂಡದ್ದಕ್ಕಿಂತ ತುಂಬ ಬೇಗ ಬಂದುಬಿಟ್ಟಿತು. ಎದುರಿನಿಂದ ಮರದ ದಿಮ್ಮಿ ಹೊತ್ತ ಲಾರಿಯ ಮೂತಿ ಕಾಣಿಸಿತು. ಬಲಕ್ಕೆ ಹೋಗುವಂತಿಲ್ಲ. ಅವನು ಇನ್ನೂ ವಾಲಿಸಿದ, ಇನ್ನೂ ವಾಲಿಸಿದ.

ಕರ್ರ್ ಎಂದು ಎಡಗಾಲಿನ ಅಡಿಯಿಂದ ಸದ್ದೆದ್ದಿತು.

ಬರೀ ಸದ್ದಲ್ಲ, ಪಾದದ ಮೂಲಕ ಮೊಣಕಾಲಿನವರೆಗೆ ನಡುಕ ಹತ್ತಿತು. ಫುಟ್‌ರೆಸ್ಟ್ ಅವನ ಬೂಟನ್ನು ಮೇಲಕ್ಕೆ ದಬ್ಬಿತು. ಒಂಬತ್ತು ವರ್ಷ ಯಾವ ಸದ್ದಿಗಾಗಿ ಆಸೆಪಟ್ಟಿದ್ದನೋ ಅದು ಕೇಳಿದಾಗ ಅವನಿಗೆ ಹೊಳೆದದ್ದು ಒಂದೇ: ಇನ್ನು ಒಂದು ಬೆರಳು ಮಾತ್ರ ಇದೆ. ಅದಕ್ಕಿಂತ ಮುಂದೆ ವಾಲಿಸಲಿಲ್ಲ. ಬ್ರೇಕು ಮುಟ್ಟಲಿಲ್ಲ. ಮೂವತ್ತೊಂದು ವರ್ಷದ ಬಸ್ಸಿನ ಕೈ ತಾನಾಗಿ ವೇಗವನ್ನು ಮೆತ್ತಗೆ ಇಳಿಸಿತು, ಅವನು ಮೈಯನ್ನು ಒಳಗಡೆಗೆ ಜಾರಿಸಿ ತಿರುವಿನ ಕೊನೆಯನ್ನೇ ನೋಡಿದ. ಮೆರ್ಲ್ ಕೂಡ ಏನೂ ಕೇಳದೆ ಅವನ ಎಡಹೆಗಲ ಮೇಲಿಂದ ತಲೆ ಚಾಚಿ ಅವನ ಜೊತೆಗೇ ಬಾಗಿದಳು. ಲಾರಿ ಗಾಳಿ ಬೀಸಿಕೊಂಡು ದಾಟಿ ಹೋಯಿತು. ಸದ್ದು ನಿಂತಿತು. ಬೈಕು ನೆಟ್ಟಗಾಯಿತು.

ಮುಂದೆ ರಸ್ತೆ ಅಗಲವಾದ ಕಡೆ ಅವನು ಬೈಕು ನಿಲ್ಲಿಸಿ ಇಳಿದ. ಮಂಡಿಯೂರಿ ಕೂತು ಎಡಗಡೆಯ ಬೋಲ್ಟು ಮುಟ್ಟಿದ. ಬಿಸಿಯಾಗಿತ್ತು. ತುದಿ ಓರೆಯಾಗಿ ಹೋಗಿ, ಮುಂದಿನಿಂದ ಹಿಂದಕ್ಕೆ ಗೆರೆ ಎದ್ದು, ಹಿಂದಿನ ಅಂಚು ಚೂಪಾಗಿತ್ತು. ವಿಲ್ಮಾ ಹೇಳಿದಂತೆಯೇ. ಆಮೇಲೆ ಜೇಬಿನಲ್ಲಿದ್ದ ಇನ್ನೊಂದು ಎಡಗಡೆಯ ಬೋಲ್ಟು ನೆನಪಾಯಿತು, ಬುಡದವರೆಗೆ ತಾನೇ ಉಜ್ಜಿದ್ದು. ಅದು ಬೈಕಿನಲ್ಲೇ ಇದ್ದಿದ್ದರೆ ಸದ್ದು ಬರುತ್ತಿರಲಿಲ್ಲ. ಸ್ಟ್ಯಾಂಡೇ ನೇರ ಟಾರಿಗೆ ಕಚ್ಚುತ್ತಿತ್ತು. ಲಾರಿ ಎದುರಿಗಿತ್ತು. ಬೆನ್ನಿಗೆ ಮೆರ್ಲ್ ಇದ್ದಳು.

"ಏನು, ಪ್ರಾರ್ಥನೆ ಮಾಡ್ತಿದೀಯಾ?" ಅಂದಳು ಮೆರ್ಲ್, ಹೆಲ್ಮೆಟ್ಟಿನ ಗಾಜು ಎತ್ತಿ.

"ಹೂಂ ಕಣೆ," ಅಂದ. ನಿಜವಾಗಿಯೂ ಮಾಡುತ್ತಿದ್ದ. ಚರ್ಚಿಗೆ ಮದುವೆಗೂ ಸಾವಿಗೂ ಮಾತ್ರ ಹೋಗುವ ಮನುಷ್ಯ, ಆ ಚೂರು ಕಬ್ಬಿಣಕ್ಕೆ ಮನಸಾರೆ ಕೈಮುಗಿಯುತ್ತಿದ್ದ.

ಅಷ್ಟರಲ್ಲಿ ಕೀತ್ ಬಂದು ನಿಂತ. "ಕಂಡೆ ಕಣೋ! ಕಿಡಿ ಹಾರಿದ್ದು ಕಂಡೆ! ಲೋ ಬಸ್ಸು, ಗೆದ್ದುಬಿಟ್ಟೆಯಲ್ಲೋ ಮಾರಾಯ!"

ಬೇಕರಿಯ ಮುಂದೆ ಜಾತ್ರೆಯೇ ಆಯಿತು. ಒಬ್ಬೊಬ್ಬರಾಗಿ ಕೂತು ಬೋಲ್ಟು ನೋಡಿ, ಅವನ ಬೆನ್ನು ಚಪ್ಪರಿಸಿದರು. ಕೋರಾ ಹಿಟ್ಟಿನ ಕೈಯಲ್ಲೇ ಸ್ಪ್ಯಾನರ್ ಹಿಡಿದು ಬಂದಳು. "ಅರ್ಧ ಸವೆದಿಲ್ಲ, ಆದ್ರೂ ಹುಟ್ಟುಹಬ್ಬ ಅಂತ ಬಿಟ್ಕೊಡ್ತೀನಿ. ಬಿಚ್ಚು ಬಿಚ್ಚು, ಗಂಟೆ ಬಾರಿಸ್ತೀನಿ."

ಒಂಬತ್ತು ವರ್ಷ ಕಾದಿದ್ದ ಗಳಿಗೆ. ಜೇಬಿನ ಸುಳ್ಳು ಬೋಲ್ಟಿನ ಅಗತ್ಯವೇ ಇರಲಿಲ್ಲ, ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಲಿಂಡ್ಸೆ ಸ್ಪ್ಯಾನರ್ ತೆಗೆದುಕೊಂಡು ಬಗ್ಗಿದ. ಬೋಲ್ಟಿಗೆ ಸ್ಪ್ಯಾನರ್ ಕೂರಿಸಿದ. ಅಲ್ಲೇ ಕೈ ನಿಂತುಹೋಯಿತು. ಇದನ್ನು ಬಿಚ್ಚಿದರೆ ಮನೆಗೆ ವಾಪಸ್ಸು ಅದೇ ರಸ್ತೆಯಲ್ಲಿ, ಅದೇ ಮೆರ್ಲ್‌ಳನ್ನು ಕೂರಿಸಿಕೊಂಡು, ಬಾಯಿಲ್ಲದ ಬೈಕಿನಲ್ಲಿ ಹೋಗಬೇಕು.

"ಬಿಚ್ಚಲ್ಲ," ಅಂದ, ಎದ್ದು ನಿಂತು.

"ಯಾಕೋ?"

"ಇದು ನನ್ನ ಜೀವ ಉಳಿಸ್ತು. ಮೆರ್ಲ್‌ದೂ. ಇದನ್ನ ತೆಗೆದು ಜಾಡೀಲಿಟ್ರೆ ನಾಳೆ ಯಾರು ಕೂಗ್ತಾರೆ?" ಮಾತು ಮುಗಿಸಿ ಸುಮ್ಮನಿರಬಹುದಿತ್ತು. ಆದರೆ ಒಂದು ಸತ್ಯ ಹೊರಬಿದ್ದ ಮೇಲೆ ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡಿರಲು ಅವನಿಗಾಗಲಿಲ್ಲ. ಚಿಂದಿಯ ಗಂಟು ತೆಗೆದು ಬಿಚ್ಚಿದ. "ಜಾಡೀಗೆ ಇವನ್ನ ಹಾಕು ಕೋರಾ. ಗುರುವಾರ ನಾನೇ ಅರದಲ್ಲಿ ಉಜ್ಜಿದ್ದು. ನಿಮ್ಮನ್ನೆಲ್ಲ ಏಮಾರಿಸೋಕೆ. ವಿಲ್ಮಾ ನಿನ್ನೆ ಇವನ್ನ ಬಿಚ್ಚಿ ಹೊಸದು ಹಾಕದೇ ಇದ್ದಿದ್ರೆ ಇವತ್ತು ನಾವಿಬ್ರೂ ಆ ಲಾರಿ ಅಡೀಲಿ ಇರ್ತಿದ್ವಿ."

ಕೀತ್ ಆ ಸಪಾಟು ಬೋಲ್ಟನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ. ಈಗ ನಗುತ್ತಾನೆ, ಇನ್ನು ಹತ್ತು ವರ್ಷ ಇದನ್ನೇ ಆಡಿಕೊಳ್ಳುತ್ತಾನೆ ಅಂತ ಲಿಂಡ್ಸೆ ಗಟ್ಟಿಯಾಗಿ ನಿಂತ.

"ಸ್ಟ್ಯಾಂಡು ಮಡಚಲ್ವಾ?" ಕೇಳಿದ ಕೀತ್.

"ಮಡಚಲ್ಲ."

ಕೀತ್ ತನ್ನ ಬೈಕಿನ ಹತ್ತಿರ ಹೋಗಿ, ಎಡಗಡೆ ಬಗ್ಗಿ ನೋಡಿದ. ಏಳು ವರ್ಷದಿಂದ ಅಲ್ಲಿ ಬರಿಯ ತೂತಿತ್ತು. ಪದಕ ಜಾಡಿಯಲ್ಲಿತ್ತು. ಶನಿವಾರಗಳಲ್ಲಿ ಅವನು ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು ಈಜಿನ ಕ್ಲಾಸಿಗೆ ಬಿಡುತ್ತಿದ್ದ. ಮೇಲೆದ್ದವನು, "ವಿಲ್ಮಾ ನಾಳೆ ಎಷ್ಟೊತ್ತಿಗೆ ಬಾಗಿಲು ತೆಗೀತಾಳೆ?" ಅಂದ. ಇನ್ನೊಬ್ಬ ತನ್ನ ಬೈಕಿನ ಕಡೆ ನಡೆದ. ಮತ್ತೊಬ್ಬನೂ ನಡೆದ.

"ಈಗ ಗಂಟೆ ಬಾರಿಸ್ಲೋ ಬೇಡ್ವೋ?" ಅಂದಳು ಕೋರಾ.

"ಬಾರಿಸು," ಅಂದ ಕೀತ್. "ಅವನಿಗೆ ಅರವತ್ತೈದಾಯ್ತು. ಇನ್ನೂ ಇದ್ದಾನೆ."

ಆ ಗಂಟೆ ಕೇಳಿ ಲಿಂಡ್ಸೆಯ ಕಣ್ಣು ತುಂಬಿತು, ಅವನು ಪೈ ಬಿಸಿಯಾಗಿದೆ ಅಂತ ನೆವ ಹೇಳಿದ.

ಸೋಮವಾರ ಅರ್ಧ ಉಳಿದ ಹುಟ್ಟುಹಬ್ಬದ ಕೇಕು ಹಿಡಿದು ಗಂಡಹೆಂಡತಿ ವಿಲ್ಮಾಳ ಶೆಡ್ಡಿಗೆ ಹೋದರು. ಬಾಗಿಲಲ್ಲಿ ಆಗಲೇ ನಾಲ್ಕು ಬೈಕು ಸಾಲಾಗಿ ನಿಂತಿದ್ದವು, ಮೊದಲನೆಯದು ಕೀತನದು. ಲಿಂಡ್ಸೆ ಕೇಕನ್ನು ಬೆಂಚಿನ ಮೇಲಿಟ್ಟು, ಬಂದ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತು ಶುರುಮಾಡಿದ. "ವಿಲ್ಮಾ, ನೀನು ಹೇಳದೇ ಕೇಳದೇ ಆ ಬೋಲ್ಟು ಬದಲಾಯಿಸದೇ ಇದ್ದಿದ್ರೆ…"

"ನಂಗ್ಯಾಕೆ ಹೇಳ್ತೀಯ?" ಅಂದಳು ವಿಲ್ಮಾ, ಕೈ ಒರೆಸಿಕೊಳ್ಳುತ್ತ. "ಬ್ರೇಕು ನೋಡು ಅಂದ್ರೆ ನಾನು ಬ್ರೇಕೇ ನೋಡೋದು. ಶುಕ್ರವಾರ ಬೆಳಿಗ್ಗೆ ಇವಳು ಫೋನ್ ಮಾಡಿದ್ಲು. 'ನಮ್ಮ ಒಗೆಯೋ ತೊಟ್ಟೀಲಿ ಕಬ್ಬಿಣದ ಪುಡಿ ಇದೆ. ಲಿನ್ ಏನೋ ಉಜ್ಜಿದಾನೆ, ಏನು ಅಂತ ಬಾಯಿ ಬಿಡ್ತಿಲ್ಲ. ಬೈಕು ಬಂದ್ರೆ ಅಡೀಲಿ ಒಂದ್ಸಲ ನೋಡಮ್ಮ' ಅಂದ್ಲು."

ಲಿಂಡ್ಸೆ ಮೆರ್ಲ್ ಕಡೆ ತಿರುಗಿದ. ಅವಳು ಕೇಕಿನ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ಮಗ್ನಳಾಗಿದ್ದಳು.

"ನಿಂಗೆ ಗೊತ್ತಿತ್ತಾ?"

"ಶನಿವಾರ ವಿಲ್ಮಾ ಹೇಳಿದ್ಲು. ಹೊಸದು ಹಾಕಿದೀನಿ ಅಂದ್ಲು."

"ಜೇಬಲ್ಲಿ ಹಳೇದು ಇಟ್ಕೊಂಡಿದ್ದು?"

"ಜಾಕೆಟ್ಟು ನೇತುಹಾಕುವಾಗ ಟಣ್ ಅಂತು."

"ಎಲ್ಲಾ ಗೊತ್ತಿದ್ದೂ ನನ್ನ ಹಿಂದೆ ಕೂತ್ಯಾ?"

ಮೆರ್ಲ್ ಮುಚ್ಚಳವನ್ನು ಪಕ್ಕಕ್ಕಿಟ್ಟಳು. "ಮೂವತ್ತೊಂದು ವರ್ಷ ಈ ಊರೋರು ತಮ್ಮ ಮಕ್ಕಳನ್ನ ನಿನ್ನ ಹಿಂದೆ ಕೂರಿಸಿ ಕಳಿಸಿದಾರೆ ಲಿನ್. ಒಂದು ವಾರ ನಿನ್ನ ತಲೆ ಕೆಟ್ಟಿತ್ತು ಅಂತ ನಾನು ಕೂರದೇ ಇರ್ತೀನಾ?"

ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಬೇರೆಯವರಿಗಾಗಿ ಇದ್ದವು, ಇವಳಿಗಾಗಿ ಅಲ್ಲ. ಅವಳ ಕೈ ಹಿಡಿದುಕೊಂಡ. ಕೈಯಲ್ಲಿ ಕೇಕಿನ ಕೆನೆ ಇತ್ತು.

"ಥ್ಯಾಂಕ್ಸ್ ಕಣೆ ಮೆರ್ಲ್," ಅಂದ.

"ಅರ ವಾಪಸ್ಸು ಶೆಡ್ಡಿಗೆ ಇಡು," ಅಂದಳು ಅವಳು, ಕೈ ಬಿಡಿಸಿಕೊಳ್ಳದೆ. "ಇನ್ನೂ ಸೋಪಿನ ಪಕ್ಕದಲ್ಲೇ ಇದೆ."